ವಂಶವಾಹಿ ಇದ್ದರೆ ಸಾಲದು, ಕೈಗೆ ಸಿಗಬೇಕು

2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ದೆಹಲಿಯಲ್ಲಿ ಎರಡು ಹೊಸ ಭತ್ತದ ತಳಿಗಳನ್ನು ಪ್ರಕಟಿಸಿದರು. ಒಂದು, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100. ಇದಕ್ಕೆ ಕಮಲಾ ಎಂಬ ಹೆಸರೂ ಇದೆ. ಇನ್ನೊಂದು, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಡಿಎಸ್‌ಟಿ ರೈಸ್ 1. ಜೀನೋಮ್ ಎಡಿಟಿಂಗ್, ಅಂದರೆ ಗಿಡದ ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ತಿದ್ದುವ ವಿಧಾನದಿಂದ ದೇಶದಲ್ಲಿ ತಯಾರಾದ ಮೊದಲ ಭತ್ತದ ತಳಿಗಳು ಇವು. ಎರಡನೆಯದು ಉಪ್ಪು ಮತ್ತು ಬರ ಎರಡನ್ನೂ ತಾಳಿಕೊಳ್ಳಲೆಂದು ಮಾಡಿದ್ದು ಎಂದಮೇಲೆ ನಮ್ಮ ಕರಾವಳಿಯಲ್ಲಿ ಅದರ ಮಾತು ಬರದೇ ಇರುತ್ತದೆಯೇ? ಕಾರವಾರ, ಅಂಕೋಲಾ, ಕುಮಟಾದ ಹಿನ್ನೀರಿನ ಬದಿಯಲ್ಲಿ ಖಾರ್‌ಲ್ಯಾಂಡ್ ಒಡ್ಡು ಒಡೆದು ಉಪ್ಪುನೀರು ನುಗ್ಗಿತೆಂದರೆ ಆ ಗದ್ದೆಯ ಬೆಳೆ ಹೋದಂತೆಯೇ.

ಆ ಭತ್ತದಲ್ಲಿ ಏನು ಬದಲಾಯಿಸಿದರು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ 'ಒಂದು ಜೀನ್ ತೆಗೆದರು' ಎಂಬುದು. ಸುಳ್ಳಲ್ಲ, ಆದರೆ ಅರ್ಧ ಉತ್ತರ. ಅವರು ಕೈಹಾಕಿದ ಡಿಎಸ್‌ಟಿ ವಂಶವಾಹಿ ಪಿಷ್ಟವನ್ನಾಗಲೀ ಪರಿಮಳವನ್ನಾಗಲೀ ತಯಾರಿಸುವಂಥದ್ದಲ್ಲ. ಬೇರೆ ವಂಶವಾಹಿಗಳನ್ನು ಕೆಲಸಕ್ಕೆ ಹಚ್ಚುವುದು ಅದರ ಕೆಲಸ. ಯಾವ ವಂಶವಾಹಿ ಯಾವಾಗ, ಗಿಡದ ಯಾವ ಭಾಗದಲ್ಲಿ, ಎಷ್ಟು ಕೆಲಸ ಮಾಡಬೇಕು ಎಂದು ತೀರ್ಮಾನವಾಗುವ ಈ ಏರ್ಪಾಟಿಗೆ ವಂಶವಾಹಿ ನಿಯಂತ್ರಣ ಎನ್ನುತ್ತಾರೆ. ಸಸ್ಯವಿಜ್ಞಾನದ ಪ್ರಯೋಗಾಲಯಗಳಲ್ಲಿ ಇವತ್ತು ನಡೆಯುತ್ತಿರುವ ಕೆಲಸದ ದೊಡ್ಡ ಪಾಲು ಇದರ ಸುತ್ತಲೇ ಇದೆ. ಇದು ಅರ್ಥವಾಗಲು ಭತ್ತಕ್ಕಿಂತ ಮೊದಲು ಮೆಣಸಿನ ಬಳ್ಳಿಯ ಹತ್ತಿರ ಹೋಗುವುದು ಒಳ್ಳೆಯದು.

ಒಂದೇ ಬಳ್ಳಿಯಿಂದ ಎರಡು ಬಗೆಯ ಗಿಡ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯನ್ನು ಹತ್ತಿರದಿಂದ ನೋಡಿ. ಮರಕ್ಕೆ ಅಂಟಿಕೊಂಡು ಮೇಲೇರುವ ಮುಖ್ಯ ಕುಡಿಯಲ್ಲಿ ಪ್ರತಿ ಗಿಣ್ಣಿನಿಂದಲೂ ಕುಚ್ಚಿನಂತೆ ಬೇರು ಹೊರಟು ತೊಗಟೆಯನ್ನು ಹಿಡಿದಿರುತ್ತದೆ. ಅದೇ ಕುಡಿಯ ಪಕ್ಕಕ್ಕೆ ಚಾಚಿದ ಟೊಂಗೆಯ ಗಿಣ್ಣುಗಳಲ್ಲಿ ಈ ಅಂಟುಬೇರು ಇಲ್ಲ. ಅಲ್ಲಿ ಎಲೆಯ ಎದುರಿಗೆ ಕಾಳಿನ ಗೊಂಚಲು ಇಳಿಬಿದ್ದಿರುತ್ತದೆ. ಬಳ್ಳಿಯ ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಕುಡಿಗಳು ಮೂರನೆಯ ಬಗೆ. ಇವು ಮಣ್ಣಿಗೆ ತಾಗಿ ಬೇರು ಬಿಡಬಾರದೆಂದು ಗೂಟಕ್ಕೆ ಸುತ್ತಿ ಇಡುತ್ತಾರೆ. ಬೇಸಿಗೆ ಶುರುವಾಗುವ ಹೊತ್ತಿಗೆ ಕತ್ತರಿಸಿ, ಎರಡು ಮೂರು ಗಿಣ್ಣಿನ ತುಂಡು ಮಾಡಿ, ಪ್ಲಾಸ್ಟಿಕ್ ಕೊಟ್ಟೆಗೆ ಊರುತ್ತಾರೆ. ಹೀಗೆ ಮಾಡಿದ ಸಸಿ ಮತ್ತೆ ಮರ ಹತ್ತುವ ಬಳ್ಳಿಯೇ ಆಗುತ್ತದೆ.

ಅದೇ ಬಳ್ಳಿಯ ಪಕ್ಕದ ಟೊಂಗೆಯನ್ನು ಕತ್ತರಿಸಿ ಬೇರು ಬರಿಸಿದರೆ ಮರ ಹತ್ತುವ ಗೊಡವೆಗೇ ಹೋಗದ ಗಿಡ ಬರುತ್ತದೆ. ಕುಂಡದಲ್ಲಿ ಪೊದೆಯಾಗಿ ಬೆಳೆದು ಬೇಗ ಕಾಳು ಬಿಡುತ್ತದೆ. ನರ್ಸರಿಯವರು ಬುಶ್ ಪೆಪ್ಪರ್ ಎಂದು ಮಾರುವುದು ಇದನ್ನೇ. ತಾಯಿಬಳ್ಳಿ ಒಂದೇ, ತಳಿ ಒಂದೇ, ವಂಶವಾಹಿಗಳೂ ಅಕ್ಷರಶಃ ಒಂದೇ. ಹಾಗಿದ್ದೂ ಒಂದು ತುಂಡು 'ನಾನು ಹತ್ತುವವ' ಎಂದೂ, ಇನ್ನೊಂದು 'ನಾನು ಕಾಯಿ ಬಿಡುವವ' ಎಂದೂ ನೆನಪಿಟ್ಟುಕೊಂಡಿದೆ. ವರ್ಷಗಟ್ಟಲೆ ಹೊಸ ಎಲೆ, ಹೊಸ ಗಿಣ್ಣು ಬಂದರೂ ಆ ನೆನಪು ಅಳಿಯುವುದಿಲ್ಲ. ಪೂರ್ತಿ ಕಲ್ಲಿನಲ್ಲಿ ಕೊರೆದದ್ದೂ ಅಲ್ಲ. ಬುಶ್ ಪೆಪ್ಪರ್ ಬುಡದಲ್ಲಿ ಆಗೀಗ ಹಬ್ಬುವ ಕುಡಿ ಹೊರಡುತ್ತದೆ, ಬೆಳೆಗಾರರು ಅದನ್ನು ಚಿವುಟಿ ತೆಗೆಯುತ್ತಾರೆ.

ವಂಶವಾಹಿಗಳು ಒಂದೇ ಆಗಿರುವಾಗ ಬದಲಾದದ್ದಾದರೂ ಯಾವುದು?

ಎಲ್ಲ ಜೀವಕೋಶಕ್ಕೂ ಎಲ್ಲವೂ ಗೊತ್ತು

ಡಿಎನ್‌ಎ ಎಂದರೆ ನಾಲ್ಕೇ ರಾಸಾಯನಿಕ ಅಕ್ಷರಗಳು ಸಾಲಾಗಿ ಬರುವ ಉದ್ದನೆಯ ಎಳೆ. ಆ ಎಳೆಯಲ್ಲಿ ಒಂದು ನಿರ್ದಿಷ್ಟ ಪ್ರೋಟೀನ್ ತಯಾರಿಸುವ ಸೂಚನೆ ಇರುವ ತುಂಡಿಗೆ ವಂಶವಾಹಿ ಅಥವಾ ಜೀನ್ ಎನ್ನುತ್ತೇವೆ. ಜೀವಕೋಶ ಈ ಸೂಚನೆಯನ್ನು ನೇರವಾಗಿ ಬಳಸುವುದಿಲ್ಲ. ಮೊದಲು ಆ ತುಂಡಿನ ಆರ್‌ಎನ್‌ಎ ನಕಲು ತೆಗೆಯುತ್ತದೆ, ನಕಲನ್ನು ನೋಡಿಕೊಂಡು ಪ್ರೋಟೀನ್ ಕಟ್ಟುತ್ತದೆ. ನಕಲು ತೆಗೆದರೆ ವಂಶವಾಹಿ ಕೆಲಸ ಮಾಡುತ್ತಿದೆ ಎಂದರ್ಥ. ತೆಗೆಯದಿದ್ದರೆ ಅದು ಇದ್ದೂ ಇಲ್ಲದಂತೆ.

ಭತ್ತದ ಜೀನೋಮ್‌ನ, ಅಂದರೆ ಅದರ ಇಡೀ ಡಿಎನ್‌ಎಯ, ಪೂರ್ಣ ನಕ್ಷೆ 2005ರಲ್ಲಿ ಪ್ರಕಟವಾಯಿತು. ಆ ಅಂತರರಾಷ್ಟ್ರೀಯ ಕೆಲಸದಲ್ಲಿ 11ನೇ ವರ್ಣತಂತುವಿನ ಪಾಲು ಭಾರತದ ವಿಜ್ಞಾನಿಗಳ ಕೈಯಲ್ಲೂ ಇತ್ತು. ಆಗಿನ ಲೆಕ್ಕದ ಪ್ರಕಾರ ಭತ್ತದಲ್ಲಿರುವ ವಂಶವಾಹಿಗಳು ಸುಮಾರು 37 ಸಾವಿರ. ಬೇರಿನ ಕೋಶದಲ್ಲೂ ಅಷ್ಟೇ, ತೆನೆಯ ಕೋಶದಲ್ಲೂ ಅಷ್ಟೇ. ಬೇರಿನ ಕೋಶಕ್ಕೆ ಹೂವು ಮಾಡುವ ಸೂಚನೆ ಗೊತ್ತು, ಆದರೆ ಅದು ಹೂವು ಮಾಡುವುದಿಲ್ಲ. ಮೆಣಸಿಗೆ ಖಾರ ಕೊಡುವ ಪೈಪರಿನ್ ತಯಾರಿಸುವ ವಂಶವಾಹಿಗಳು ಬಳ್ಳಿಯ ಮೈತುಂಬ ಇವೆ. ಪೈಪರಿನ್ ಭರಪೂರ ತುಂಬಿಕೊಳ್ಳುವುದು ಕಾಳಿನಲ್ಲಿ.

ಜೀನೋಮ್ ಓದಿ ಮುಗಿಸಿದರೆ ಗಿಡ ಅರ್ಥವಾಯಿತು ಎಂಬ ಉತ್ಸಾಹ ಎರಡು ದಶಕದ ಹಿಂದೆ ಪತ್ರಿಕೆಗಳಲ್ಲಿ ಜೋರಾಗಿತ್ತು. ಪೂರ್ತಿ ಅಕ್ಷರಮಾಲೆ ಕೈಗೆ ಬಂದ ಮೇಲೆಯೇ ಗೊತ್ತಾದದ್ದು, ಯಾವುದನ್ನು ಯಾವಾಗ ಓದಬೇಕು ಎಂಬುದು ಬೇರೆಯೇ ಕಥೆ ಎಂದು.

ಒಂದು ಮೊಳದ ಎಳೆ ಕಣ್ಣಿಗೆ ಕಾಣದ ಜಾಗದಲ್ಲಿ

ಕಾಳುಮೆಣಸಿನ ಜೀನೋಮ್ 2019ರಲ್ಲಿ ಪ್ರಕಟವಾಯಿತು. ಒಂದು ಸೆಟ್‌ಗೆ ಸುಮಾರು 76 ಕೋಟಿ ಅಕ್ಷರಗಳು, 26 ವರ್ಣತಂತುಗಳು. ತಂದೆಯ ಕಡೆಯದೊಂದು ತಾಯಿಯ ಕಡೆಯದೊಂದು ಎಂದು ಪ್ರತಿ ಕೋಶದಲ್ಲಿ ಎರಡು ಸೆಟ್. ಎರಡು ಅಕ್ಷರಗಳ ನಡುವಿನ ಅಂತರ 0.34 ನ್ಯಾನೊಮೀಟರ್ ಎಂದು ಹಿಡಿದು ಗುಣಿಸಿದರೆ ಒಂದೊಂದು ಕೋಶದೊಳಗಿನ ಡಿಎನ್‌ಎ ಅರ್ಧ ಮೀಟರ್‌ ದಾಟುತ್ತದೆ, ಅಂದರೆ ಒಂದು ಮೊಳಕ್ಕಿಂತ ತುಸು ಉದ್ದ. ಇಷ್ಟೂ ಕೂತಿರುವುದು ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿರುವ ಕೋಶಕೇಂದ್ರದಲ್ಲಿ.

ಸುಮ್ಮನೆ ತುರುಕಿದರೆ ಗಂಟಾಗುತ್ತದೆ. ಅದಕ್ಕೇ ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನ್‌ಗಳಿಗೆ ಸುತ್ತಿಕೊಂಡಿರುತ್ತದೆ. ಎಂಟು ಹಿಸ್ಟೋನ್‌ಗಳು ಸೇರಿ ಒಂದು ಗುಂಡು. ಅದರ ಸುತ್ತ 147 ಅಕ್ಷರದಷ್ಟು ಉದ್ದದ ಎಳೆ ಎರಡು ಸುತ್ತಿಗೆ ತುಸು ಕಡಿಮೆ ಸುತ್ತಿ, ಸ್ವಲ್ಪ ಬಿಟ್ಟು, ಮುಂದಿನ ಗುಂಡಿಗೆ ಹೋಗುತ್ತದೆ. ಹೀಗೆ ಸುತ್ತಿದ ಒಂದೊಂದು ಘಟಕಕ್ಕೆ ನ್ಯೂಕ್ಲಿಯೋಸೋಮ್ ಎಂದು ಹೆಸರು. ಇದರ ಲೆಕ್ಕಾಚಾರವನ್ನು 1974ರಲ್ಲಿ ರೋಜರ್ ಕಾರ್ನ್‌ಬರ್ಗ್ ಮುಂದಿಟ್ಟರು. ಪರಮಾಣು ಮಟ್ಟದ ಸ್ಪಷ್ಟ ಚಿತ್ರ 1997ರಲ್ಲಿ ಬಂತು. ಡಿಎನ್‌ಎ ಮತ್ತು ಅದಕ್ಕೆ ಅಂಟಿಕೊಂಡ ಹಿಸ್ಟೋನ್ ಮುಂತಾದ ಪ್ರೋಟೀನ್‌ಗಳು, ಈ ಇಡೀ ಸಂಸಾರಕ್ಕೆ ಕ್ರೊಮಾಟಿನ್ ಎನ್ನುತ್ತಾರೆ.

ಕ್ರೊಮಾಟಿನ್ ಎಲ್ಲ ಕಡೆ ಒಂದೇ ಬಿಗಿಯಲ್ಲಿ ಇರುವುದಿಲ್ಲ. ಎಮಿಲ್ ಹೈಟ್ಸ್ ಎಂಬ ಜರ್ಮನ್ ಸಸ್ಯವಿಜ್ಞಾನಿ 1928ರಲ್ಲಿ ಹಾವಸೆ ಜಾತಿಯ ಗಿಡಗಳ ಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಲವು ಭಾಗ ಸದಾ ದಟ್ಟವಾಗಿ, ಕೆಲವು ಭಾಗ ತೆಳುವಾಗಿ ಕಂಡವು. ದಟ್ಟ ಭಾಗಕ್ಕೆ ಹೆಟೆರೊಕ್ರೊಮಾಟಿನ್, ಸಡಿಲ ಭಾಗಕ್ಕೆ ಯೂಕ್ರೊಮಾಟಿನ್ ಎಂದು ಅವರೇ ಹೆಸರಿಟ್ಟರು. ನಮ್ಮ ಬಚ್ಚಲ ಹಿಂದಿನ ಕಲ್ಲಿನ ಮೇಲೆ ಬೆಳೆಯುವಂಥ ಗಿಡದಿಂದ ಇಷ್ಟು ದೊಡ್ಡ ಸಂಗತಿ ಹೊರಟಿತು ಎಂಬುದು ನನಗಂತೂ ಖುಷಿ ಕೊಡುವ ವಿಷಯ.

ಅಟ್ಟದ ಮೇಲಿನ ಹಂಡೆ

ಮಲೆನಾಡಿನ ಹಳೇ ಮನೆಯ ಅಟ್ಟವನ್ನು ನೆನೆಸಿಕೊಳ್ಳಿ. ದಿನಬಳಕೆಯ ಪಾತ್ರೆ ಅಡುಗೆಮನೆಯಲ್ಲಿ ಕೈಗೆಟುಕುವಲ್ಲಿರುತ್ತದೆ. ಮದುವೆ ಮುಂಜಿಗೆ ಬೇಕಾಗುವ ಹಂಡೆ, ಕೊಪ್ಪರಿಗೆ, ದೊಡ್ಡ ಸೌಟುಗಳೆಲ್ಲ ಅಟ್ಟದ ಮೇಲೆ. ಮನೆಯ ಸಾಮಾನಿನ ಪಟ್ಟಿ ಮಾಡಿದರೆ ಹಂಡೆಯೂ ಇದೆ, ಲೋಟವೂ ಇದೆ. ಆದರೆ ಬೆಳಿಗ್ಗೆ ಚಹಾ ಮಾಡುವವರ ಕೈಗೆ ಸಿಗುವುದು ಲೋಟ ಮಾತ್ರ. ಹಂಡೆ ಬೇಕಾದರೆ ಯಾರೋ ಏಣಿ ಇಟ್ಟು ಹತ್ತಬೇಕು, ಮುಂದಿರುವ ಗಂಟುಮೂಟೆ ಸರಿಸಬೇಕು, ಇಳಿಸಬೇಕು.

ಬಿಗಿಯಾದ ಕ್ರೊಮಾಟಿನ್‌ನಲ್ಲಿರುವ ವಂಶವಾಹಿಯ ಪಾಡು ಅಟ್ಟದ ಹಂಡೆಯದ್ದು. ನಕಲು ತೆಗೆಯುವ ಪ್ರೋಟೀನ್‌ಗಳು ಅದರ ಹತ್ತಿರ ಸುಳಿಯಲಾರವು. ಸಡಿಲ ಕ್ರೊಮಾಟಿನ್‌ನಲ್ಲಿರುವುದು ಕೈಗೆಟುಕುವ ಸಾಮಾನು. ಮೆಣಸಿನ ಬಳ್ಳಿಯ ಹತ್ತುವ ಕುಡಿಯಲ್ಲೂ ಪಕ್ಕದ ಟೊಂಗೆಯಲ್ಲೂ ಇರುವ ಸಾಮಾನು ಒಂದೇ, ಅಟ್ಟದಲ್ಲಿ ಯಾವುದು, ಕೆಳಗೆ ಯಾವುದು ಎಂಬುದರಲ್ಲಿ ವ್ಯತ್ಯಾಸ. ಜೀವಕೋಶ ಎರಡಾಗಿ ಒಡೆದಾಗ ಅಕ್ಷರಗಳ ಜೊತೆಗೆ ಈ ಜೋಡಣೆಯೂ ಹೊಸ ಕೋಶಗಳಿಗೆ ದಾಟುತ್ತದೆ. ಅಂಗಾಂಶದ ನೆನಪು ಎಂದು ವಿಜ್ಞಾನಿಗಳು ಹೇಳುವುದರ ಹಿಂದೆ ಇಂಥ ಏರ್ಪಾಟು ಇದೆ. ಕಾಳುಮೆಣಸಿನಲ್ಲಿ ಇದರ ಒಂದೊಂದು ಹೆಜ್ಜೆಯನ್ನೂ ಬಿಡಿಸಿ ನೋಡುವ ಕೆಲಸ ಇನ್ನೂ ಬಾಕಿ ಇದೆ. ಅಷ್ಟು ವಿವರವಾಗಿ ಬಿಡಿಸಿರುವುದು ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಅಂಗೈಯಗಲದ ಕಳೆಗಿಡದಲ್ಲಿ. ಮೊಟ್ಟಮೊದಲು, 2000ದಲ್ಲಿ, ಪೂರ್ತಿ ಜೀನೋಮ್ ಓದಿಸಿಕೊಂಡ ಸಸ್ಯವೂ ಅದೇ.

ಹೋಲಿಕೆ ಎಲ್ಲಿಗೆ ನಿಲ್ಲುತ್ತದೆ ಎಂದೂ ಹೇಳಬೇಕು. ಮನೆಯಲ್ಲಿ ಏಣಿ ಹತ್ತುವವರಿಗೆ ಮದುವೆ ಯಾವಾಗ ಎಂದು ಗೊತ್ತಿರುತ್ತದೆ. ಕೋಶದೊಳಗೆ ಹಾಗೆ ಗೊತ್ತಿರುವವರು ಯಾರೂ ಇಲ್ಲ. ಅಲ್ಲಿ ಇರುವುದು ರಾಸಾಯನಿಕ ಗುರುತುಗಳು ಮಾತ್ರ.

ಗುರುತು ಹಾಕುವವರು, ಅಳಿಸುವವರು

ಹಿಸ್ಟೋನ್ ಗುಂಡಿನಿಂದ ಹೊರಗೆ ಚಾಚಿಕೊಂಡ ಸಣ್ಣ ಬಾಲಗಳಿರುತ್ತವೆ. ಗುರುತು ಬೀಳುವುದು ಹೆಚ್ಚಾಗಿ ಆ ಬಾಲಗಳ ಮೇಲೆ. ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಅಂಟಿತು ಎನ್ನಿ. ಹಿಸ್ಟೋನ್ ಬಾಲದಲ್ಲಿ ಧನ ವಿದ್ಯುದಂಶ, ಡಿಎನ್‌ಎಯಲ್ಲಿ ಋಣ. ಇವೆರಡರ ಸೆಳೆತದಿಂದಲೇ ಸುತ್ತು ಬಿಗಿಯಾಗಿರುವುದು. ಅಸಿಟೈಲ್ ಕೂತಲ್ಲಿ ಆ ಧನ ಅಂಶ ಹೋಗುತ್ತದೆ, ಹಿಡಿತ ಸಡಿಲುತ್ತದೆ, ವಂಶವಾಹಿ ಓದಿಗೆ ಸಿಗುತ್ತದೆ.

ಮೀಥೈಲ್ ಎಂಬ ಇನ್ನೊಂದು ಗುಂಪಿನ ವಿಷಯ ಇಷ್ಟು ಸರಳವಿಲ್ಲ, ಅದು ಎಲ್ಲಿ ಕೂತಿತು ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. ಮೂರನೆಯ ಹಿಸ್ಟೋನ್‌ನ ಬಾಲದಲ್ಲಿ 4ನೇ ಸ್ಥಾನದಲ್ಲಿ ಮೂರು ಮೀಥೈಲ್ ಕೂತರೆ ಆ ವಂಶವಾಹಿ ಸಾಮಾನ್ಯವಾಗಿ ಕೆಲಸದಲ್ಲಿರುತ್ತದೆ. ಅದೇ ಬಾಲದ 27ನೇ ಸ್ಥಾನದಲ್ಲಿ ಮೂರು ಕೂತರೆ ಸುಮ್ಮನಾಗುತ್ತದೆ. 27ರ ಗುರುತು ಹಾಕುವ ಪ್ರೋಟೀನ್ ಗುಂಪಿಗೆ ಪಾಲಿಕೂಂಬ್ ಎಂದು ಹೆಸರು, ಮುಂದಿನ ಕಥೆಯಲ್ಲಿ ಇದು ಬರುತ್ತದೆ.

ಹಿಸ್ಟೋನ್ ಅಲ್ಲದೆ ನೇರವಾಗಿ ಡಿಎನ್‌ಎ ಅಕ್ಷರಗಳಿಗೇ ಮೀಥೈಲ್ ಅಂಟುವುದೂ ಉಂಟು. ಅಕ್ಷರ ಬದಲಾಗುವುದಿಲ್ಲ, ಅದರ ಮೇಲೊಂದು ಗುರುತು ಬೀಳುತ್ತದೆ ಅಷ್ಟೆ. ಗಿಡಗಳು ಇದನ್ನು ಮುಖ್ಯವಾಗಿ ಬಳಸುವುದು ಜಿಗಿಯುವ ಡಿಎನ್‌ಎ ತುಂಡುಗಳನ್ನು ಸುಮ್ಮನಿರಿಸಲು. ಜೀನೋಮ್‌ನಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಹಾರುವ ಈ ತುಂಡುಗಳನ್ನು ಮೆಕ್ಕೆಜೋಳದಲ್ಲಿ ಬಾರ್ಬರಾ ಮೆಕ್ಲಿಂಟಾಕ್ ಗುರುತಿಸಿದ್ದು 1940ರ ದಶಕದಲ್ಲಿ. ನೊಬೆಲ್ ಬಂದದ್ದು 1983ರಲ್ಲಿ. ಮೆಕ್ಕೆಜೋಳದ ಜೀನೋಮ್‌ನ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗ ಇಂಥ ತುಂಡುಗಳಿಂದಲೇ ತುಂಬಿದೆ. ಇಷ್ಟೂ ಒಟ್ಟಿಗೆ ಜಿಗಿಯಲು ಹೊರಟರೆ ಗಿಡ ಉಳಿಯುವುದಿಲ್ಲ.

ಕೋಸುಗಡ್ಡೆಗೆ ಚಳಿ ನೆನಪಿರುತ್ತದೆ

ಶಿರಸಿ ಸಂತೆಯಲ್ಲಿ ಎಲೆಕೋಸು ರಾಶಿ ಬಿದ್ದಿರುತ್ತದೆ, ಆದರೆ ಎಲೆಕೋಸಿನ ಹೂವನ್ನು ನಮ್ಮ ಕಡೆ ನೋಡಿದವರು ಕಡಿಮೆ. ಸಾಮಾನ್ಯ ತಳಿಯ ಕೋಸು ಹೂಬಿಡಬೇಕಾದರೆ ಅದಕ್ಕೆ ವಾರಗಟ್ಟಲೆ ಗಟ್ಟಿ ಚಳಿ ಸಿಗಬೇಕು. ನಮ್ಮಲ್ಲಿ ಡಿಸೆಂಬರಿನ ಬೆಳಗಿನ ಇಬ್ಬನಿ ಅದಕ್ಕೆ ಯಾತಕ್ಕೂ ಸಾಲದು. ಅಂಥ ತಳಿಗಳ ಬೀಜವನ್ನು ಹಿಮಾಚಲದ ಕುಲು ಕಣಿವೆಯಂಥ ತಂಪು ಊರುಗಳಲ್ಲಿ ಮಾಡುವುದು ಇದೇ ಕಾರಣಕ್ಕೆ. ಹೀಗೆ ಚಳಿ ಕಂಡು ಗಿಡ ಹೂವಿಗೆ ಅಣಿಯಾಗುವುದಕ್ಕೆ ವರ್ನಲೈಸೇಶನ್ ಎನ್ನುತ್ತಾರೆ.

ಇದರಲ್ಲಿ ಒಂದು ವಿಚಿತ್ರವಿದೆ. ಹೂವು ಬರುವುದು ಚಳಿಯಲ್ಲಲ್ಲ, ಚಳಿ ಮುಗಿದು ಬಿಸಿಲು ಏರಿದ ಮೇಲೆ. ಅಂದರೆ ಗಿಡಕ್ಕೆ 'ಚಳಿ ಆಗಿಹೋಗಿದೆ' ಎಂಬುದು ನೆನಪಿರಬೇಕು. ಮಿದುಳಿಲ್ಲದ ಗಿಡ ಎಲ್ಲಿ ನೆನಪಿಡುತ್ತದೆ?

ಉತ್ತರ ಬಿಡಿಸಿದವರಲ್ಲಿ ಮುಂಚೂಣಿಯಲ್ಲಿರುವವರು ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ಸ್ ಸೆಂಟರಿನ ಕ್ಯಾರೊಲಿನ್ ಡೀನ್. ಕೋಸಿನ ದಾಯಾದಿಯಾದ ಅರಾಬಿಡಾಪ್ಸಿಸ್‌ನಲ್ಲಿ ಎಫ್‌ಎಲ್‌ಸಿ ಎಂಬ ವಂಶವಾಹಿ ಇದೆ. ಅದು ಕೆಲಸ ಮಾಡುತ್ತಿರುವಷ್ಟು ದಿನ ಹೂವು ಬರಗೊಡುವುದಿಲ್ಲ. ಚಳಿ ಶುರುವಾದಂತೆ ವಿಐಎನ್3 ಎಂಬ ಪ್ರೋಟೀನ್ ನಿಧಾನಕ್ಕೆ, ವಾರಗಳ ಲೆಕ್ಕದಲ್ಲಿ, ಕೂಡಿಬರುತ್ತದೆ. ಅದು ಪಾಲಿಕೂಂಬ್ ಗುಂಪಿನ ಜೊತೆ ಸೇರಿ ಎಫ್‌ಎಲ್‌ಸಿಯ ಒಂದು ಸಣ್ಣ ಭಾಗದಲ್ಲಿ 27ರ ಗುರುತು ಹಾಕುತ್ತದೆ. ಚಳಿ ಮುಗಿದು ಬೆಚ್ಚಗಾದ ಕೂಡಲೇ ಆ ಗುರುತು ವಂಶವಾಹಿಯ ಉದ್ದಕ್ಕೂ ಹರಡುತ್ತದೆ. ಎಫ್‌ಎಲ್‌ಸಿ ಅಟ್ಟಕ್ಕೆ ಹೋಯಿತು, ಹೂವಿಗೆ ತಡೆ ಹೋಯಿತು.

ಈ ಸಂಶೋಧನೆಯಲ್ಲಿ ನನಗೆ ತುಂಬ ಹಿಡಿಸಿದ ಭಾಗ 2011ರದ್ದು. ಚಳಿ ಅರ್ಧಂಬರ್ಧ ಸಿಕ್ಕಿದರೆ ಎಲ್ಲ ಕೋಶಗಳಲ್ಲೂ ಎಫ್‌ಎಲ್‌ಸಿ ಅರ್ಧಕ್ಕೆ ಇಳಿದಿರಬಹುದು ಎಂದು ಯಾರಾದರೂ ಊಹಿಸುತ್ತಾರೆ. ನೋಡಿದರೆ ಹಾಗಿರಲಿಲ್ಲ. ಒಂದೊಂದು ಕೋಶದಲ್ಲೂ ಅದು ಪೂರ್ತಿ ಕೆಲಸ ಮಾಡುತ್ತಿತ್ತು, ಇಲ್ಲವೇ ಪೂರ್ತಿ ನಿಂತಿತ್ತು. ನಡುವಣ ಸ್ಥಿತಿ ಇಲ್ಲ. ಚಳಿ ಹೆಚ್ಚಿದಂತೆ ನಿಂತ ಕೋಶಗಳ ಸಂಖ್ಯೆ ಏರುತ್ತಿತ್ತು. ಗಿಡ ಚಳಿಯ ದಿನಗಳನ್ನು ಎಣಿಸುವುದು ಹೀಗೆ, ಕೋಶ ಕೋಶಗಳ ತಲೆ ಎಣಿಸಿ. ಅಕ್ಟೋಬರಿನಲ್ಲಿ ಎರಡು ದಿನ ಚಳಿ ಬಂದು ಮತ್ತೆ ಬಿಸಿಲಾದರೆ ಅದು ಮೋಸಹೋಗುವುದಿಲ್ಲ.

ಬೀಜದೊಳಗಿನ ಭ್ರೂಣದಲ್ಲಿ ಈ ಗುರುತು ಅಳಿದು ಎಫ್‌ಎಲ್‌ಸಿ ಮತ್ತೆ ಕೆಲಸಕ್ಕೆ ಬರುತ್ತದೆ. ಅಮ್ಮ ಕಂಡ ಚಳಿ ಮಗಳ ಲೆಕ್ಕಕ್ಕಿಲ್ಲ, ಅವಳು ತನ್ನ ಚಳಿ ತಾನೇ ಕಾಣಬೇಕು.

ಇನ್ನು ಉಪ್ಪಿನ ಭತ್ತಕ್ಕೆ ಬರೋಣ

ಕ್ರೊಮಾಟಿನ್ ಸಡಿಲವಿದ್ದ ಮಾತ್ರಕ್ಕೆ ವಂಶವಾಹಿ ಕೆಲಸ ಶುರುಮಾಡುವುದಿಲ್ಲ. ವಂಶವಾಹಿಯ ಆರಂಭದ ಆಸುಪಾಸಿನಲ್ಲಿ ನಿರ್ದಿಷ್ಟ ಅಕ್ಷರಗಳ ಸಾಲು ಗುರುತಿಸಿ ಅಲ್ಲಿ ಕೂರುವ ಪ್ರೋಟೀನ್ ಬೇಕು. ನಕಲು ತೆಗೆಯಿರಿ ಅಥವಾ ತೆಗೆಯಬೇಡಿ ಎಂಬ ನಿರ್ಧಾರ ಅದರದ್ದು. ಇಂಥವಕ್ಕೆ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಎಂದು ಹೆಸರು. ಡಿಎಸ್‌ಟಿ ವಂಶವಾಹಿಯಿಂದ ತಯಾರಾಗುವುದು ಇಂಥದೊಂದು ಪ್ರೋಟೀನ್.

ಭತ್ತದಲ್ಲಿ ಅದರ ಕೆಲಸವನ್ನು ಚೀನಾದ ವಿಜ್ಞಾನಿಗಳು 2009ರಲ್ಲಿ ವಿವರಿಸಿದರು. ಎಲೆಯ ಮೇಲಿನ ಪತ್ರರಂಧ್ರಗಳು ತೆರೆದಿದ್ದಾಗ ಗಾಳಿ ಒಳಬರುತ್ತದೆ, ನೀರು ಆವಿಯಾಗಿ ಹೊರಹೋಗುತ್ತದೆ. ರಂಧ್ರದ ಕಾವಲುಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕೂಡಿಬಂದರೆ ರಂಧ್ರ ಮುಚ್ಚುತ್ತದೆ. ಡಿಎಸ್‌ಟಿ ಪ್ರೋಟೀನ್ ಈ ಪೆರಾಕ್ಸೈಡನ್ನು ಕರಗಿಸುವ ವಂಶವಾಹಿಗಳನ್ನು ಎಬ್ಬಿಸುತ್ತದೆ, ಅಂದರೆ ರಂಧ್ರ ತೆರೆದಿರುವಂತೆ ನೋಡಿಕೊಳ್ಳುತ್ತದೆ. ಡಿಎಸ್‌ಟಿ ಕೆಟ್ಟರೆ ರಂಧ್ರ ಬೇಗ ಮುಚ್ಚುತ್ತದೆ, ರಂಧ್ರಗಳ ಸಂಖ್ಯೆಯೂ ಇಳಿಯುತ್ತದೆ. ನೀರು ಕಡಿಮೆ ಹೋಗುತ್ತದೆ. ಆವಿಯಾಗುವ ನೀರಿನ ಸೆಳೆತ ತಗ್ಗಿದಷ್ಟೂ ಬೇರಿನಿಂದ ಎಲೆಗೆ ಏರುವ ಉಪ್ಪೂ ಕಡಿಮೆ.

ದೆಹಲಿಯ ಸಂಸ್ಥೆಯವರು ಮಾಡಿದ್ದು ಇಷ್ಟು: ಎಂಟಿಯು 1010 ಎಂಬ ಚಾಲ್ತಿಯಲ್ಲಿದ್ದ ತಳಿಯ ಡಿಎಸ್‌ಟಿ ವಂಶವಾಹಿಯನ್ನು, ಡಿಎನ್‌ಎಗೆ ಗೊತ್ತುಮಾಡಿದ ಜಾಗದಲ್ಲೇ ಕತ್ತರಿ ಹಾಕುವ ಕ್ರಿಸ್ಪರ್ ವಿಧಾನದಿಂದ, ಕತ್ತರಿಸಿ ಕೆಡಿಸಿದರು. ಇನ್ನೊಂದು ತಳಿಯಾದ ಕಮಲಾದಲ್ಲಿ, ಸಾಂಬಾ ಮಸೂರಿಯ ಸಿಕೆಎಕ್ಸ್2 ಎಂಬ ವಂಶವಾಹಿಗೆ ಕತ್ತರಿ ಬಿತ್ತು. ತೆನೆಯ ಕುಡಿಯಲ್ಲಿ ಕೋಶ ಹೆಚ್ಚಿಸುವ ಸೈಟೊಕೈನಿನ್ ಹಾರ್ಮೋನನ್ನು ಒಡೆದುಹಾಕುವುದು ಆ ವಂಶವಾಹಿಯ ಕೆಲಸ. ಒಡೆಯುವುದು ಕಡಿಮೆಯಾದರೆ ತೆನೆಗೆ ಕಾಳು ಹೆಚ್ಚು. ಎರಡೂ ತಳಿ ಬೇರೆ ಬೇರೆ ಕಥೆಯಂತೆ ಕಾಣುತ್ತವೆ, ಆದರೆ 2013ರಲ್ಲಿ ಗೊತ್ತಾದಂತೆ ಸಿಕೆಎಕ್ಸ್2 ವಂಶವಾಹಿಯನ್ನು ನೇರವಾಗಿ ಎಬ್ಬಿಸುವವರಲ್ಲಿ ಡಿಎಸ್‌ಟಿ ಪ್ರೋಟೀನೂ ಒಂದು. ಹೈದರಾಬಾದಿನವರು ಮತ್ತು ದೆಹಲಿಯವರು ಕೈಯಿಟ್ಟದ್ದು ಒಂದೇ ಸರಪಳಿಯ ಎರಡು ಕೊಂಡಿಗಳಿಗೆ.

ಇದು ಕುಲಾಂತರಿಯೇ ಎಂಬ ಪ್ರಶ್ನೆ ಎಲ್ಲ ಸಭೆಯಲ್ಲೂ ಏಳುತ್ತದೆ. ಬಿಟಿ ಹತ್ತಿಯಲ್ಲಿ ಬ್ಯಾಕ್ಟೀರಿಯಾದ ವಂಶವಾಹಿ ಗಿಡದೊಳಗೆ ಉಳಿದಿದೆ. ಇಲ್ಲಿ ಹೊರಗಿನ ವಂಶವಾಹಿ ಅಂತಿಮ ಗಿಡದಲ್ಲಿ ಉಳಿಯುವುದಿಲ್ಲ. ಕತ್ತರಿಸುವ ಪ್ರೋಟೀನಿನ ವಂಶವಾಹಿಯನ್ನು ಮೊದಲು ಒಳಗೆ ಕಳಿಸಿ, ಮುಂದಿನ ಪೀಳಿಗೆಯಲ್ಲಿ ಅದಿಲ್ಲದ ಸಸಿಗಳನ್ನು ಆರಿಸಿಕೊಳ್ಳುತ್ತಾರೆ. ಈ ಬಗೆಯ ಗಿಡಗಳಿಗೆ ಕುಲಾಂತರಿ ನಿಯಮಗಳ ಕೆಲವು ಭಾಗಗಳಿಂದ ಕೇಂದ್ರ ಪರಿಸರ ಸಚಿವಾಲಯ 2022ರ ಮಾರ್ಚ್‌ನಲ್ಲಿ ವಿನಾಯಿತಿ ಕೊಟ್ಟಿತು. ಆ ವಿನಾಯಿತಿಯ ಬಗ್ಗೆ, ಈ ಎರಡು ತಳಿಗಳ ಪ್ರಯೋಗದ ಅಂಕಿಅಂಶಗಳ ಬಗ್ಗೆಯೂ ತಕರಾರುಗಳಿವೆ.

ಹಾಗಾದರೆ ಕಗ್ಗ?

ಅಘನಾಶಿನಿ ಅಳಿವೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ, ಮಾಣಿಕಟ್ಟಾ ಸುತ್ತಮುತ್ತ, ಕಗ್ಗ ಭತ್ತ ತಲೆಮಾರುಗಳಿಂದ ಬೆಳೆದುಬಂದಿದೆ. ಉಪ್ಪು ತಾಳುತ್ತದೆ, ನೀರಿನಲ್ಲಿ ಮುಳುಗಿ ಎದ್ದರೂ ಬದುಕುತ್ತದೆ, ಗೊಬ್ಬರ ಕೇಳುವುದಿಲ್ಲ. ಯಾವುದೋ ಮೇಲುಗದ್ದೆಯ ತಳಿಯನ್ನು ತಂದು ನಾಲ್ಕು ವರ್ಷ ಗಜನಿಯಲ್ಲಿ ಬಿತ್ತಿದರೆ ಅದೂ ಉಪ್ಪಿನ ನೆನಪು ಕಲಿತು ಕಗ್ಗದಂತೆ ಆಗುತ್ತದೆಯೇ?

ಇಲ್ಲ. ನೆನಪೇನೋ ಇರುತ್ತದೆ, ಆದರೆ ಅದು ಆ ಗಿಡದ ಮಟ್ಟಿಗೆ. ಅರಾಬಿಡಾಪ್ಸಿಸ್ ಸಸಿಗಳಿಗೆ ಎಳವೆಯಲ್ಲಿ ಸ್ವಲ್ಪ ಹೊತ್ತು ಹದವಾದ ಉಪ್ಪುನೀರು ಕೊಟ್ಟು, ಮತ್ತೆ ಸಿಹಿನೀರಲ್ಲಿ ಬೆಳೆಸಿ ನೋಡಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ದೊಡ್ಡದಾದ ಮೇಲೆ ಎರಡನೇ ಸಲ ಉಪ್ಪು ಸಿಕ್ಕಾಗ ಆ ಗಿಡಗಳು ಕಡಿಮೆ ಉಪ್ಪು ಹೀರಿಕೊಂಡವು. ಬೇರಿನ ಕೋಶಗಳಲ್ಲಿ 27ರ ಗುರುತುಗಳ ಹರವು ಬದಲಾಗಿತ್ತು. ಕಗ್ಗದ ಗುಣ ಈ ಬಗೆಯದ್ದಲ್ಲ. ಅದು ಅಕ್ಷರಗಳಲ್ಲೇ ಇದೆ, ಉಪ್ಪಿನಲ್ಲಿ ಉಳಿದದ್ದನ್ನೇ ಬೀಜಕ್ಕಿಟ್ಟು ರೈತರು ಆರಿಸುತ್ತ ಬಂದದ್ದು. ಉಪ್ಪು ತಾಳಲು ದಾರಿಯೂ ಒಂದಲ್ಲ. ಬಂಗಾಳದ ನೋನಾ ಬೋಕ್ರಾ ಎಂಬ ಹಳೇ ತಳಿಯಲ್ಲಿ 2005ರಲ್ಲಿ ಗುರುತಿಸಿದ ಎಸ್‌ಕೆಸಿ1 ವಂಶವಾಹಿ, ಕಾಂಡಕ್ಕೆ ಏರುತ್ತಿರುವ ಸೋಡಿಯಂ ಅನ್ನು ದಾರಿಯಲ್ಲೇ ಹಿಂದಕ್ಕೆ ಸೆಳೆದುಕೊಳ್ಳುವ ಪ್ರೋಟೀನ್ ಮಾಡುತ್ತದೆ. ಪತ್ರರಂಧ್ರದ ಡಿಎಸ್‌ಟಿ ದಾರಿಗೂ ಇದಕ್ಕೂ ಸಂಬಂಧವಿಲ್ಲ.

ಗುರುತುಗಳು ಬೀಜ ದಾಟುವುದೇ ಇಲ್ಲ ಎಂದೂ ಅಲ್ಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1740ರ ದಶಕದಲ್ಲಿ ಒಂದು ಲಿನೇರಿಯಾ ಗಿಡದ ಹೂವು ಕಂಡು ಗಲಿಬಿಲಿಗೊಂಡಿದ್ದ. ಒಂದು ಕೊಂಬಿನ ಹೂವಿನ ಬದಲು ಸುತ್ತ ಐದು ಕೊಂಬಿನ ಹೂವು! ಸುಮಾರು 250 ವರ್ಷಗಳ ಮೇಲೆ, 1999ರಲ್ಲಿ, ಅಂಥ ಹೂವಿನ ಗಿಡಗಳನ್ನು ನಾರ್ವಿಚ್‌ನಲ್ಲಿ ಪರೀಕ್ಷಿಸಿದಾಗ ಹೂವಿನ ಆಕಾರ ನಿರ್ಧರಿಸುವ ಒಂದು ವಂಶವಾಹಿಯ ಮೇಲೆ ಮೀಥೈಲ್ ಗುರುತು ದಟ್ಟವಾಗಿ ಬಿದ್ದು ಅದು ಸುಮ್ಮನಾಗಿತ್ತು. ಗುರುತು ಬೀಜದ ಮೂಲಕವೇ ಬರುತ್ತಿತ್ತು. ಆಗೊಮ್ಮೆ ಈಗೊಮ್ಮೆ ಅದು ಅಳಿದ ಟೊಂಗೆಯಲ್ಲಿ ಹಳೇ ಹೂವು ಮರಳುತ್ತಿತ್ತು.

ಟಿಶ್ಯೂ ಕಲ್ಚರ್ ಸಸಿಯಲ್ಲಿ ಬರುವ ಎಡವಟ್ಟು

ಗುರುತು ತಪ್ಪಿದರೆ ನಷ್ಟ ಎಷ್ಟಾಗುತ್ತದೆ ಎಂಬುದಕ್ಕೆ ಎಣ್ಣೆತಾಳೆ ಉದಾಹರಣೆ. ಒಳ್ಳೆಯ ಮರದ ಅಂಗಾಂಶ ತೆಗೆದು ಪ್ರಯೋಗಾಲಯದಲ್ಲಿ ಸಾವಿರಾರು ಸಸಿ ಮಾಡಿದರು. ತಾಯಿ ಒಂದೇ ಆದ್ದರಿಂದ ಎಲ್ಲವೂ ಒಂದೇ ಬಗೆ ಎಂದು ನಂಬಿ ನೆಟ್ಟರು. ವರ್ಷಗಳ ಮೇಲೆ ಕಾಯಿ ಬಂದಾಗ ಕೆಲವು ಮರಗಳಲ್ಲಿ ವಿಕಾರವಾದ ಕಾಯಿ, ಎಣ್ಣೆ ಇಲ್ಲವೆನ್ನುವಷ್ಟು ಕಡಿಮೆ. ದಶಕಗಳ ಕಾಲ ಕಾರಣ ಸಿಗಲಿಲ್ಲ. 2015ರಲ್ಲಿ ಮಲೇಶಿಯಾದ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ಉತ್ತರ ಕೊಟ್ಟರು. ಹೂವಿನ ಒಂದು ವಂಶವಾಹಿಯ ನಡುವೆ ಕೂತಿದ್ದ ಜಿಗಿಯುವ ತುಂಡಿನ ಮೇಲಿನ ಮೀಥೈಲ್ ಗುರುತು, ಪ್ರಯೋಗಾಲಯದ ಬೆಳವಣಿಗೆಯ ಹೊತ್ತಿಗೆ ಅಳಿದುಹೋಗಿತ್ತು. ಆ ತುಂಡಿನ ಹೆಸರು ಕರ್ಮ! ಗುರುತು ಉಳಿದ ಮರ ಒಳ್ಳೆಯ ಕರ್ಮದ್ದು, ಅಳಿದದ್ದು ಕೆಟ್ಟ ಕರ್ಮದ್ದು ಎಂದು ವಿಜ್ಞಾನಿಗಳೇ ಕರೆದರು.

ಅಂಗಾಂಶ ಕೃಷಿಯಲ್ಲಿ ಕೋಶಗಳನ್ನು ಹಾರ್ಮೋನ್ ತುಂಬಿದ ದ್ರಾವಣದಲ್ಲಿ ಮತ್ತೆ ಮತ್ತೆ ಒಡೆಸುತ್ತಾರೆ. ಅಷ್ಟು ಸುತ್ತಿನಲ್ಲಿ ಕೆಲವು ಗುರುತು ಕಳಚುತ್ತವೆ, ಕೆಲವೊಮ್ಮೆ ಅಕ್ಷರಗಳೇ ಬದಲಾಗುತ್ತವೆ. ನಮ್ಮ ಕಡೆ ತರಿಸಿ ನೆಡುವ ಟಿಶ್ಯೂ ಕಲ್ಚರ್ ಬಾಳೆಯ ಸಾಲಿನಲ್ಲಿ ಒಂದೋ ಎರಡೋ ಗಿಡ ಗಿಡ್ಡವಾಗಿ, ಎಲೆ ಒತ್ತೊತ್ತಾಗಿ ಬೇರೆಯೇ ಕಾಣುವುದು ಇಂಥ ಬದಲಾವಣೆಗಳಿಂದ. ಬಾಳೆ ತಯಾರಿಸುವ ಪ್ರಯೋಗಾಲಯಗಳು ಒಂದೇ ಮೂಲದಿಂದ ಎಷ್ಟು ಸುತ್ತು ಸಸಿ ತೆಗೆಯಬಹುದು ಎಂಬುದಕ್ಕೆ ಮಿತಿ ಇಟ್ಟುಕೊಳ್ಳುವುದು ಇದೇ ಕಾರಣಕ್ಕೆ. ಸಸಿ ಕೊಳ್ಳುವಾಗ ದರದ ಜೊತೆಗೆ ಎಷ್ಟನೇ ಸುತ್ತಿನದ್ದು ಎಂದೂ ಕೇಳಬಹುದು. ಎಣ್ಣೆತಾಳೆಯಲ್ಲಂತೂ ಕರ್ಮದ ಗುರುತು ಉಳಿದಿದೆಯೋ ಇಲ್ಲವೋ ಎಂದು ನರ್ಸರಿಯ ಸಸಿಯ ಎಲೆಯಲ್ಲೇ ಪರೀಕ್ಷಿಸಿ, ನೆಡುವ ಮೊದಲೇ ಬೇರ್ಪಡಿಸಲು ಸಾಧ್ಯವಾಗಿದೆ.